ಮುದ್ರೆ ಸಾಹೇಬರ ಕೊಬ್ಬು

“ನೀವೇ ಮುದ್ರೆ ಹಾಕಿದ ಯಂತ್ರ ಅಳಿಯಂದ್ರೆ, ಅದು ಸುಳ್ಳು ಹೇಳುತ್ತಾ?”

ಅತ್ತೆ ಈ ಮಾತನ್ನು ಕೊಂಕಿನಿಂದ ಅಂದಿರಲಿಲ್ಲ. ಕೊಂಕಾಗಿದ್ದರೆ ಮುದ್ರೆ ಸಾಹೇಬರು ತಡೆದುಕೊಳ್ಳುತ್ತಿದ್ದರು. ಅದು ಇಪ್ಪತ್ತೆರಡು ವರ್ಷದಿಂದ ಅಭ್ಯಾಸವಾಗಿತ್ತು. ಆಕೆ ಅಂದದ್ದು ಶುದ್ಧ ನಂಬಿಕೆಯಿಂದ. ಸಂಕಟವಿದ್ದದ್ದೇ ಅಲ್ಲಿ. ಬನಿಯನ್, ಮೊಣಕಾಲಿನವರೆಗೆ ಮಡಚಿದ ಪಾಯಿಜಾಮ, ಬರಿಗಾಲು, ಈ ವೇಷದಲ್ಲಿ ಸಾಹೇಬರು ನಡುಮನೆಯಲ್ಲಿ ಒಂದು ಗಾಜಿನ ಹಲಗೆಯ ಮೇಲೆ ನಿಂತು, ತಮ್ಮ ಹೆಬ್ಬೆರಳುಗಳ ಮುಂದೆ ಹೊಳೆಯುತ್ತಿದ್ದ ಅಂಕಿಗಳನ್ನು ನೋಡುತ್ತಿದ್ದರು. ತೂಕ ಎಪ್ಪತ್ತನಾಲ್ಕು. ಅದು ಸರಿ. ಆಮೇಲೆ ಯಂತ್ರ ಒಂದು ಗಳಿಗೆ ಯೋಚನೆ ಮಾಡಿ, ಕೊಬ್ಬು ನೂರಕ್ಕೆ ನಲವತ್ತನಾಲ್ಕು ಎಂದಿತು. ನೀರು ನೂರಕ್ಕೆ ನಲವತ್ತು ಎಂದಿತು. ಕೊನೆಗೆ, ಯಾರೂ ಕೇಳದಿದ್ದರೂ, ದೇಹದ ವಯಸ್ಸು ಎಪ್ಪತ್ತಾರು ಎಂದು ತೋರಿಸಿ, ಹೇಳುವುದೆಲ್ಲ ಹೇಳಿಯಾಯಿತು ಎನ್ನುವ ಹಾಗೆ ಕಣ್ಣು ಮುಚ್ಚಿಕೊಂಡಿತು.

ಸಾಹೇಬರಿಗೆ ಐವತ್ತೊಂದು.

“ಎಷ್ಟಂತೆ?” ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

“ನನಗಿಂತ ಐದು ವರ್ಷ ದೊಡ್ಡೋರಂತೆ ಕಣೇ,” ಎಂದರು ಅತ್ತೆ, ಮರುಕದಿಂದ.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಪೇಟೆಯ ಪ್ರತಿಯೊಂದು ತಕ್ಕಡಿಯೂ ವರ್ಷಕ್ಕೊಮ್ಮೆ ಅವರ ಕಣ್ಣ ಕೆಳಗೆ ಹಾದು, ಸರಿಯಿದ್ದರೆ ಮೈಮೇಲೆ ಒಂದು ಹಸಿರು ಚೀಟಿ ಅಂಟಿಸಿಕೊಂಡು ಹೋಗಬೇಕು. ಆ ಚೀಟಿಗೆ ಮುದ್ರೆ ಎಂದು ಹೆಸರು. ಚೀಟಿ ಅಂಟಿಸಿ ಅಂಟಿಸಿ ಸಾಹೇಬರಿಗೂ ಅದೇ ಹೆಸರು ಅಂಟಿಕೊಂಡಿತ್ತು. ಇಪ್ಪತ್ತಮೂರು ವರ್ಷದ ನೌಕರಿಯಲ್ಲಿ ಅವರು ಒಂದು ತಪ್ಪು ತಕ್ಕಡಿಗೂ ಮುದ್ರೆ ಹಾಕಿದ್ದಿಲ್ಲ, ಒಂದು ಸರಿಯಾದ ತಕ್ಕಡಿಯನ್ನೂ ತಿರಸ್ಕರಿಸಿದ್ದಿಲ್ಲ. ಅವರು ಬಲಬದಿಯಿಂದ ಪೇಟೆಗೆ ಕಾಲಿಟ್ಟರೆ ಎಡಬದಿಯ ಕೊನೆಯ ಅಂಗಡಿಯವನು ತಕ್ಕಡಿ ಒರೆಸಲು ಶುರುಮಾಡುತ್ತಿದ್ದ. ಆ ಒರೆಸುವ ಸದ್ದು ಅವರಿಗೆ ಸಂಗೀತದಂತೆ ಕೇಳುತ್ತಿತ್ತು.

ಈ ಯಂತ್ರಕ್ಕೆ ಮುದ್ರೆ ಬಿದ್ದದ್ದು ಹೋದ ಭಾನುವಾರ. ಭಾವಮೈದ ತನ್ನ ತಾಯಿಗೆಂದು ಅದನ್ನು ತಂದಿದ್ದ. ಬರಿಯ ತೂಕವಲ್ಲ, ಮೈಯೊಳಗಿನ ಕೊಬ್ಬು, ನೀರು, ಎಲುಬು ಎಲ್ಲವನ್ನೂ ಇದು ಅಂಗಾಲಿನಿಂದಲೇ ಓದಿಬಿಡುತ್ತದೆ ಎಂದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಾಯಿಯನ್ನು ಅದೂ ಇದೂ ಕೇಳುತ್ತ ಸುಮಾರು ಹೊತ್ತು ಗುಂಡಿ ಒತ್ತಿ, ಆಕೆಯನ್ನು ಒಮ್ಮೆ ಹತ್ತಿಸಿ ಇಳಿಸಿ, ಊಟ ಮುಗಿಸಿಕೊಂಡು ಹೊರಟುಹೋದ. ಅವನು ಅತ್ತ ಹೋಗುತ್ತಲೇ ಎದುರುಮನೆಯ ಮೇಷ್ಟ್ರು ಇತ್ತ ಬಂದರು. ನಿವೃತ್ತರಾದ ಮೇಲೆ ಅವರಿಗೆ ತಿದ್ದಲು ಮಕ್ಕಳಿರಲಿಲ್ಲ, ಆದ್ದರಿಂದ ಬೀದಿಯವರನ್ನು ತಿದ್ದುತ್ತಿದ್ದರು. ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಇವೆಲ್ಲ ಆಟದ ಸಾಮಾನು, ಬಾಯಿಗೆ ಬಂದ ಅಂಕಿ ಹೇಳುತ್ತವೆ ಎಂದುಬಿಟ್ಟರು. ಅತ್ತೆಯ ಮುಖ ಸಣ್ಣದಾಯಿತು.

ಸಾಹೇಬರಿಗೆ ಅದೇನನಿಸಿತೋ, ಎದ್ದು ಹೋಗಿ ತಮ್ಮ ಪೆಟ್ಟಿಗೆ ತಂದರು. ಸೋಮವಾರ ಬೆಳಿಗ್ಗೆ ದೂರದ ಪೇಟೆಗೆ ಹೋಗಬೇಕಿದ್ದುದರಿಂದ ಇಲಾಖೆಯ ಕಬ್ಬಿಣದ ತೂಕದ ಬಟ್ಟುಗಳು ಮನೆಯಲ್ಲೇ ಇದ್ದವು. ಒಂದೊಂದಾಗಿ ಗಾಜಿನ ಮೇಲಿಟ್ಟರು. ಹತ್ತು ಇಟ್ಟರೆ ಹತ್ತು, ಇಪ್ಪತ್ತು ಇಟ್ಟರೆ ಇಪ್ಪತ್ತು, ನಲವತ್ತು ಇಟ್ಟರೆ ನಲವತ್ತು. ಮೂಲೆಗೆ ಇಟ್ಟು ನೋಡಿದರು, ಅಂಚಿಗೆ ಇಟ್ಟು ನೋಡಿದರು, ಯಂತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಜೊತೆಗಿದ್ದ ಪುಸ್ತಕದಲ್ಲಿ ಒಬ್ಬ ಇನ್ಸ್‌ಪೆಕ್ಟರಿಗೆ ಬೇಕಾದ ಪುಟವನ್ನಷ್ಟೇ ಓದಿದರು: ಹೆಚ್ಚೆಂದರೆ ಎಷ್ಟು ತೂಕ, ಕಡಿಮೆಯೆಂದರೆ ಎಷ್ಟು. ಉಳಿದ ಹದಿನೇಳು ಪುಟ ತಮ್ಮ ಇಲಾಖೆಗೆ ಸೇರಿದ್ದಲ್ಲವೆಂದು ಬದಿಗಿಟ್ಟರು.

ನೋಡುತ್ತ ನಿಂತಿದ್ದ ಅತ್ತೆ ಆಗ ಒಂದು ಮಾತು ಹೇಳಿದರು. “ಪಾಪ, ನಿಮಗೂ ಒಂದು ವಿದ್ಯೆ ಬರುತ್ತೆ.” ಮದುವೆಯಾದಾಗಿನಿಂದ ಆಕೆ ಸಾಹೇಬರನ್ನು ಹೊಗಳಿದ್ದು ಅದೇ ಮೊದಲು. ಸಾಹೇಬರ ತಲೆ ಗಿರ್ರೆಂದಿತು. ಮನೆಬಳಕೆಯ ಯಂತ್ರಕ್ಕೆ ಇಲಾಖೆಯ ಮುದ್ರೆ ಬೇಕಿಲ್ಲ, ಹಾಕಲೂಬಾರದು. ಆದರೂ ಅವರು ಪೆಟ್ಟಿಗೆಗೆ ಕೈಹಾಕಿ ಈ ವರ್ಷದ ಹಸಿರು ಚೀಟಿಯೊಂದನ್ನು ತೆಗೆದು ಗಾಜಿನ ಮೂಲೆಗೆ ಅಂಟಿಸಿ, ಪಕ್ಕದಲ್ಲಿ ಸಹಿಯನ್ನೂ ಮಾಡಿದರು. ಮೇಷ್ಟ್ರು ಬಾಯಿ ಮುಚ್ಚಿಕೊಂಡು ಮನೆಗೆ ಹೋದರು. ಆ ರಾತ್ರಿ ಸಾಹೇಬರ ತಟ್ಟೆಗೆ ಅತ್ತೆ ತಾವೇ ಎರಡನೇ ಸಲ ಬಡಿಸಿದರು.

ಆ ದಿನ ಅವರು ಯಂತ್ರದ ಮೇಲೆ ಕಬ್ಬಿಣ ನಿಲ್ಲಿಸಿದ್ದರೇ ಹೊರತು ತಾವು ನಿಂತಿರಲಿಲ್ಲ. ಇವತ್ತು ನಿಲ್ಲಬೇಕಾಗಿ ಬಂದದ್ದಕ್ಕೆ ಕಾರಣ, ಆಫೀಸಿಗೆ ಎರಡು ತಿಂಗಳ ಹಿಂದೆ ಮೇಲಧಿಕಾರಿಯಾಗಿ ಬಂದ ಹೊಸ ಮೇಡಂ. ಅವರಿಗಿಂತ ಹಿಂದಿನ ಅಧಿಕಾರಿಯ ಕಾಲದಲ್ಲಿ ಒಬ್ಬನ ಕಾಲ ಮೇಲೆ ಇಪ್ಪತ್ತು ಕಿಲೋ ಬಟ್ಟು ಬಿದ್ದಿತ್ತು. ಆ ಕಡತ ಓದಿದ ಮೇಡಂ, ಹೊರಗಿನ ಕೆಲಸದವರೆಲ್ಲ ವರ್ಷಕ್ಕೊಮ್ಮೆ ಮೈ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಒಂದು ನಮೂನೆ ಮಾಡಿಸಿದ್ದರು. ಅದರಲ್ಲಿ ಎತ್ತರಕ್ಕೆ, ತೂಕಕ್ಕೆ, ಕೊಬ್ಬಿಗೆ, ನೀರಿಗೆ ಒಂದೊಂದು ಮನೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ಕೊಬ್ಬು ನೂರಕ್ಕೆ ಮೂವತ್ತು ದಾಟಿದವರಿಗೆ ಒಳಗಿನ ಕೆಲಸ.

ಒಳಗಿನ ಕೆಲಸ ಎಂದರೆ ನೆಲಮಾಳಿಗೆಯ ದಾಖಲೆ ಕೋಣೆ. ಅಲ್ಲಿ ಕಿಟಕಿಯಿರಲಿಲ್ಲ. ಒಂದು ಟ್ಯೂಬ್‌ಲೈಟ್ ಇತ್ತು, ಅದು ಉರಿಯಬೇಕೋ ಬೇಡವೋ ಎಂದು ಹದಿನೈದು ವರ್ಷದಿಂದ ತೀರ್ಮಾನಿಸುತ್ತಿತ್ತು. ಹಿಂದೆ ಅಲ್ಲಿದ್ದವನನ್ನು ಒಂದು ರಜೆಯ ಹಿಂದಿನ ದಿನ ಮರೆತು ಬೀಗ ಹಾಕಿ ಹೋಗಿದ್ದರು. ಮೂರನೇ ದಿನ ಬೀಗ ತೆಗೆದಾಗ ಅವನು, ಅಷ್ಟು ಬೇಗ ಬೆಳಗಾಯಿತೇ ಎಂದು ಕೇಳಿದನಂತೆ. ಇಪ್ಪತ್ತಮೂರು ವರ್ಷ ಬಿಸಿಲಲ್ಲಿ ಪೇಟೆ ಸುತ್ತಿದ ಸಾಹೇಬರಿಗೆ ಆ ಕೋಣೆ ನೆನೆದರೆ ಉಸಿರು ಕಟ್ಟುತ್ತಿತ್ತು.

ಪರೀಕ್ಷೆ ಇವತ್ತೇ, ಮಧ್ಯಾಹ್ನ ಒಂದು ಗಂಟೆಗೆ. ಮೊದಲೇ ಒಮ್ಮೆ ನೋಡಿಕೊಂಡು ಹೋದರೆ ಧೈರ್ಯವಿರುತ್ತದೆ ಎಂದು ಬೆಳಿಗ್ಗೆ ಯಂತ್ರ ಹತ್ತಿದ್ದರು. ಇಳಿಯುವಾಗ ಧೈರ್ಯ ಕೆಳಗೆ ಬಿದ್ದಿತ್ತು.

ಇನ್ನೊಮ್ಮೆ ಹತ್ತಿದರು. ಅದೇ ನಲವತ್ತನಾಲ್ಕು. ಕಾಲು ತೊಳೆದು ಬಂದು ಹತ್ತಿದರು. ಅದೇ. ಹೆಂಡತಿಯನ್ನು, ನೀನೊಮ್ಮೆ ನಿಂತು ನೋಡು ಎಂದು ಅಂಗಲಾಚಿದರು. ತನಗೆ ಗೊತ್ತಿರುವುದನ್ನು ಅದರ ಹತ್ತಿರ ಕೇಳುವ ಅಗತ್ಯವಿಲ್ಲ ಎಂದು ಅವಳು ಸೌಟು ಹಿಡಿದೇ ಹೇಳಿದಳು. ಅತ್ತೆ ಮಾತ್ರ ಸರಾಗವಾಗಿ ಹತ್ತಿ, ಕೊಬ್ಬು ಮೂವತ್ತಮೂರು, ದೇಹದ ವಯಸ್ಸು ಅರವತ್ತೆಂಟು ಎಂದು ಓದಿಸಿಕೊಂಡು, ನಾಚಿಕೊಂಡು ಇಳಿದರು. ಸಾಹೇಬರು ಮತ್ತೆ ಹತ್ತಿದರು, ಮತ್ತೂ ಅದೇ. ಆಮೇಲೆಯೇ ಆ ಮಾತು ಬಂದದ್ದು, ನೀವೇ ಮುದ್ರೆ ಹಾಕಿದ ಯಂತ್ರ ಎಂದು.

ಬೇರೆ ಯಾರೇ ಆಗಿದ್ದರೂ ಯಂತ್ರ ಕೆಟ್ಟಿದೆ ಎಂದು ಒದ್ದು ಮೂಲೆಗೆ ತಳ್ಳಬಹುದಿತ್ತು. ಆದರೆ ಸಾಹೇಬರೇ ಪರೀಕ್ಷಿಸಿದ್ದರು. ಕಬ್ಬಿಣಕ್ಕೆ ಸುಳ್ಳು ಹೇಳದ್ದು ತಮಗೆ ಮಾತ್ರ ಯಾಕೆ ಹೇಳೀತು?

ಬಾಗಿಲು ದಾಟುವಾಗ ಮೇಷ್ಟ್ರು ಗೇಟಿನಲ್ಲೇ ಸಿಕ್ಕರು. ಅತ್ತೆ ಬೇಲಿಯ ಮೇಲಿಂದಲೇ ಸುದ್ದಿ ತಲುಪಿಸಿಯಾಗಿತ್ತು. ಭಾನುವಾರ ಆಟದ ಸಾಮಾನು ಎಂದವರು ಈಗ, ವಿಜ್ಞಾನವನ್ನು ಹಗುರವಾಗಿ ಕಾಣಬಾರದು ಎಂದರು. ಸಾಹೇಬರ ಎರಡೂ ಕೈ ಹಿಡಿದುಕೊಂಡು, ಕಾಯಿಲೆಯ ಮನೆಗೆ ಬಂದವರ ದನಿಯಲ್ಲಿ, “ಮಕ್ಕಳು ಇನ್ನೂ ಓದ್ತಿದಾರೆ ಅಲ್ವೇ?” ಎಂದು ಕೇಳಿ, ತರಕಾರಿಗೆಂದು ಪೇಟೆಯ ಕಡೆ ಹೆಜ್ಜೆ ಹಾಕಿದರು.

ಆಫೀಸಿನಲ್ಲಿ ಸಾಹೇಬರು ತಮ್ಮ ದುಃಖವನ್ನು ಕಡ್ಡಿ ಗುಮಾಸ್ತನ ಹತ್ತಿರ ತೋಡಿಕೊಂಡರು. ಅದು ಅವರು ಆ ದಿನ ಮಾಡಿದ ಎರಡನೇ ತಪ್ಪು. ಕಡ್ಡಿ ಅವರ ಜೊತೆ ಪೇಟೆ ಸುತ್ತಿ ಲೆಕ್ಕ ಬರೆಯುವವನು. ಹೆಸರಿಗೆ ತಕ್ಕ ಮೈ, ಮೈಗೆ ಮೀರಿದ ಬುದ್ಧಿ. ಎಲ್ಲವನ್ನೂ, ಹಸಿರು ಮುದ್ರೆಯ ಸಮೇತ, ಕೇಳಿಸಿಕೊಂಡು ಒಂದು ಉಪಾಯ ಹೇಳಿದ. ಕೊಬ್ಬು, ನೀರು, ಎಲುಬು ಎಲ್ಲ ಸೇರಿ ನೂರಾಗಬೇಕಲ್ಲವೇ? ನೀರು ಹೆಚ್ಚಾದರೆ ಕೊಬ್ಬು ತಾನಾಗಿ ಇಳಿಯಲೇಬೇಕು.

“ತಕ್ಕಡಿ ತಟ್ಟೆ ಇದ್ದ ಹಾಗೆ ಸಾರ್. ಈ ಕಡೆ ನೀರು ಸುರೀರಿ, ಆ ಕಡೆ ಕೊಬ್ಬು ಮೇಲಕ್ಕೆ ಹಾರಿ ಹೋಗುತ್ತೆ.”

ತಕ್ಕಡಿ ಎಂದ ಕೂಡಲೇ ಸಾಹೇಬರಿಗೆ ಅದು ನಿಜವೆನ್ನಿಸಿತು. ಒಂದು ಲೀಟರಿನ ಮೂರು ಬಾಟಲಿ ತುಂಬಿಸಿಕೊಂಡು ವ್ಯಾನ್ ಹತ್ತಿದರು. ಮೊದಲನೆಯದು ಪೇಟೆ ತಲುಪುವುದರೊಳಗೆ ಮುಗಿಯಿತು. ಎರಡನೆಯದರ ಅರ್ಧಕ್ಕೆ ಬಂದಾಗ ಹೊಟ್ಟೆಯೊಳಗೆ ಹಡಗು ಹೋಗಿ ಬಂದ ಹಾಗೆ ಸದ್ದಾಗುತ್ತಿತ್ತು. ಡ್ರೈವರು ತಿರುವುಗಳಲ್ಲಿ ನಿಧಾನ ಮಾಡತೊಡಗಿದ.

ಪೇಟೆಯಲ್ಲಿ ಯಾರೂ ತಕ್ಕಡಿ ಒರೆಸುತ್ತಿರಲಿಲ್ಲ. ಸಾಹೇಬರ ಗಮನಕ್ಕೆ ಮೊದಲು ಬಂದದ್ದು ಅದೇ. ಎಲ್ಲರೂ ಕೈಕಟ್ಟಿ ನಿಂತು ಅವರ ಹೊಟ್ಟೆಯನ್ನೇ ನೋಡುತ್ತಿದ್ದರು. ಮೇಷ್ಟ್ರು ತರಕಾರಿ ಕೊಂಡು ಹೋಗಿ ಅರ್ಧ ಗಂಟೆಯಾಗಿತ್ತು, ಅವರು ಕೊಂಡದ್ದಕ್ಕಿಂತ ಕೊಟ್ಟು ಹೋದದ್ದೇ ಹೆಚ್ಚು. ತರಕಾರಿ ಅಂಗಡಿಯವಳ ತಕ್ಕಡಿ ಹೋದ ತಿಂಗಳು ನಲವತ್ತು ಗ್ರಾಮು ತಪ್ಪು ತೋರಿಸಿ ಸಾಹೇಬರ ಕೈಯಲ್ಲಿ ಸಿಕ್ಕಿಬಿದ್ದಿತ್ತು. ಅವಳು ಬಟಾಣಿ ಸುಲಿಯುತ್ತ ತಲೆಯೆತ್ತದೆ ಹೇಳಿದಳು, “ನಂದು ಬರೀ ನಲವತ್ತು ಗ್ರಾಮು ಸಾಹೇಬ್ರೆ. ನಿಮ್ಮದು ಮೂವತ್ತು ಕಿಲೋ ಕಲಬೆರಕೆ ಅಂತಲ್ಲ.”

ಪೇಟೆ ನಕ್ಕಿತು. ಸಾಹೇಬರು ಕೇಳಿಸದವರಂತೆ ಬಗ್ಗಿ ಅವಳ ತಕ್ಕಡಿಯ ಮೇಲೆ ಐದು ಕಿಲೋ ಬಟ್ಟು ಇಟ್ಟರು. ಬಗ್ಗಿದ್ದೇ ತಪ್ಪಾಯಿತು. ಒಂದೂವರೆ ಲೀಟರು ನೀರು ಒಮ್ಮೆಗೇ ತನ್ನ ಇರುವನ್ನು ತಿಳಿಸಿತು. ಮುಳ್ಳು ನಿಲ್ಲುವವರೆಗೂ ಕಾಯಬೇಕೆಂಬುದು ನಿಯಮ. ಮುಳ್ಳು ಅತ್ತಿತ್ತ ತೂಗಾಡುತ್ತಲೇ ಇತ್ತು, ಸಾಹೇಬರೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗಾಡುತ್ತಿದ್ದರು. ಕೊನೆಗೆ ಮುಳ್ಳನ್ನೂ ಬಟ್ಟನ್ನೂ ಹಾಗೇ ಬಿಟ್ಟು, ಪೇಟೆಯ ಆ ತುದಿಯ ಪಾಯಿಖಾನೆಯ ಕಡೆ ಓಡಿದರು. ಇಪ್ಪತ್ತಮೂರು ವರ್ಷದಲ್ಲಿ ಅವರು ಪೇಟೆಯಲ್ಲಿ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಆ ಬೆಳಿಗ್ಗೆ ನಾಲ್ಕು ಸಲ ಕಂಡರು. ಮೂರನೇ ಸಲಕ್ಕೆ ಜನ ದಾರಿ ಬಿಟ್ಟು ನಿಂತರು. ನಾಲ್ಕನೇ ಸಲಕ್ಕೆ ಯಾರೋ ಮುಂದೆ ಹೋಗಿ ಬಾಗಿಲು ತೆರೆದು ಹಿಡಿದಿದ್ದರು. ಆ ಉಪಕಾರಕ್ಕೆ ಸಾಹೇಬರಿಗೆ ಅಳು ಬಂತು.

ಆದರೂ ಕುಡಿಯುವುದನ್ನು ನಿಲ್ಲಿಸಲಿಲ್ಲ. ಮೂರನೆಯ ಬಾಟಲಿಯನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು, ಔಷಧಿಯಂತೆ ಕಣ್ಣು ಮುಚ್ಚಿ ಮುಗಿಸಿದರು.

ಒಳಗೆ ಡಾಕ್ಟರು ಬಂದಿದ್ದರು. ಮೇಡಂ ಕೋಣೆಯಲ್ಲಿ ತಮ್ಮ ಯಂತ್ರವನ್ನು ನೆಲಕ್ಕಿಟ್ಟು, ಒಬ್ಬೊಬ್ಬರನ್ನೂ ವಯಸ್ಸೆಷ್ಟು ಎತ್ತರವೆಷ್ಟು ಎಂದು ಕೇಳಿ, ಗುಂಡಿ ಒತ್ತಿ, ಹತ್ತಿಸುತ್ತಿದ್ದರು. ಕಡ್ಡಿಯ ಕೊಬ್ಬು ಹದಿನಾಲ್ಕು ಬಂತು. ಡ್ರೈವರಿನದು ಇಪ್ಪತ್ತೊಂಬತ್ತು, ಅವನು ಒಂದು ಅಂಕದಿಂದ ಪಾಸಾದ ಹುಡುಗನಂತೆ ಗೋಡೆಗೆ ಒರಗಿ ನಿಟ್ಟುಸಿರುಬಿಟ್ಟ. ಸಾಹೇಬರು ಬೂಟು ಕಳಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಹತ್ತಿದರು.

“ಇಪ್ಪತ್ತಮೂರು,” ಎಂದರು ಡಾಕ್ಟರು. “ಈ ವಯಸ್ಸಿಗೆ ಪರವಾಗಿಲ್ಲ. ಇಳೀರಿ.”

ಸಾಹೇಬರು ಕಣ್ಣು ಬಿಟ್ಟರು. ಇಪ್ಪತ್ತಮೂರು. ನಿಜವಾಗಿಯೂ ಇಪ್ಪತ್ತಮೂರು. ನೀರು ಕೆಲಸ ಮಾಡಿತ್ತು. ಪೇಟೆ, ಬಿಸಿಲು, ತಕ್ಕಡಿ ಒರೆಸುವ ಸದ್ದು, ಎಲ್ಲವೂ ಒಟ್ಟಿಗೆ ಎದೆಯೊಳಗೆ ವಾಪಸು ಬಂದವು. ಆ ಸಂತೋಷದಲ್ಲಿ ಯಂತ್ರಕ್ಕೆ ಕೈ ಮುಗಿಯಬೇಕೆನಿಸಿ ಬಗ್ಗಿ ನೋಡಿದರು. ನೋಡಿದ್ದು, ಅಭ್ಯಾಸ ನೋಡಿ, ಅಂಕಿಯನ್ನಲ್ಲ, ಮೂಲೆಯನ್ನು. ಮೂಲೆಯಲ್ಲಿದ್ದ ಚೀಟಿ ಹಳದಿ. ಹಳದಿ ಹೋದ ವರ್ಷದ್ದು.

ಆಗ ಅವರು ಸುಮ್ಮನಿದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರಬೇಕೆಂದೇ ಅವರ ಮನಸ್ಸೂ ಹೇಳಿತು. ಆದರೆ ಬಾಯಿಗೆ ಇಪ್ಪತ್ತಮೂರು ವರ್ಷದ ರೂಢಿ. ಮನಸ್ಸು ಹೇಳಿ ಮುಗಿಸುವಷ್ಟರಲ್ಲಿ ಬಾಯಿ ಹೇಳಿಯಾಗಿತ್ತು.

“ಡಾಕ್ಟ್ರೆ, ಇದರ ಮುದ್ರೆ ಮುಗಿದಿದೆ.”

ಡಾಕ್ಟರು ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ತಾವು ಹನ್ನೊಂದು ವರ್ಷದಿಂದ ವೈದ್ಯರು, ತರಕಾರಿ ಮಾರುವವರಲ್ಲ ಎಂದರು. ಮೇಡಂ ಕನ್ನಡಕ ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದರು. ಅಲ್ಲಿ ಆಫೀಸಿನ ಬಾಗಿಲಲ್ಲಿ ಒಂದು ಫಲಕ ಇತ್ತು: ಈ ವರ್ಷದ ಮುದ್ರೆಯಿಲ್ಲದ ಯಂತ್ರದಲ್ಲಿ ತೂಗುವುದು ಅಪರಾಧ. ಅಕ್ಷರ ಮಸುಕಾದಾಗಲೆಲ್ಲ ಸಾಹೇಬರೇ ನಿಂತು ಬಣ್ಣ ಬಳಿಸುತ್ತಿದ್ದ ಫಲಕ. ನಮ್ಮ ಬಾಗಿಲಲ್ಲಿ ಹಾಗೆ ಬರೆದು ನಮ್ಮ ಕೋಣೆಯಲ್ಲೇ ಹೀಗೆ ತೂಗಿದರೆ ನಾಳೆ ಪೇಟೆಯವರು ಏನೆನ್ನುತ್ತಾರೆ ಎಂದು ಮೇಡಂ ತಮ್ಮಲ್ಲೇ ಅಂದುಕೊಂಡು, ಮೂರೂ ನಮೂನೆಗಳ ಮೇಲೆ ಅಡ್ಡಗೆರೆ ಎಳೆದರು. ಡಾಕ್ಟರು ಯಂತ್ರವನ್ನು ಚೀಲಕ್ಕೆ ತುರುಕಿದರು. ನಿಮಗೆ ಇಷ್ಟ ಬಂದ ಮುದ್ರೆಯ ಯಂತ್ರದಲ್ಲಿ ನೀವೇ ಅಳೆದು ಅಂಕಿ ಕಳಿಸಿ, ರುಜು ಹಾಕಿ ಕೊಡುತ್ತೇನೆ ಎಂದು ಹೇಳಿ ಬಾಗಿಲು ಜೋರಾಗಿ ಎಳೆದುಕೊಂಡು ಹೋದರು.

ಒಂದು ಅಂಕದಿಂದ ಪಾಸಾಗಿದ್ದ ಡ್ರೈವರು ಸಾಹೇಬರನ್ನು ನೋಡಿದ ನೋಟ, ಹೆತ್ತ ತಂದೆಯನ್ನು ಕೊಂದವನನ್ನು ನೋಡುವ ನೋಟ. ಕಡ್ಡಿ ಮಾತ್ರ ವಿನಯದಿಂದ ಮುಂದೆ ಬಂದ.

“ಮೇಡಂ, ಮುದ್ರೆ ಇರೋ ಯಂತ್ರ ಬೇಕು ತಾನೆ? ಸಾಹೇಬ್ರ ಮನೇಲೇ ಒಂದಿದೆ. ಅವರ ಕೈಯಾರೆ ಹಾಕಿದ ಮುದ್ರೆ. ಈ ವರ್ಷದ್ದೇ.”

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಈ ಸಲ ಬಾಯಿಗೆ ಏನೂ ತೋಚಲಿಲ್ಲ.

ವ್ಯಾನ್ ಹೋಗಿ ಯಂತ್ರವನ್ನು ತಂದಿತು, ಜೊತೆಗೆ ಅತ್ತೆಯನ್ನೂ ತಂದಿತು. ಮಗ ಕೊಡಿಸಿದ ವಸ್ತುವನ್ನು ಒಂಟಿಯಾಗಿ ಕಳಿಸಲು ಆಕೆ ಒಪ್ಪಿರಲಿಲ್ಲ. ಹೊಸ ಸೀರೆ ಉಟ್ಟು, ಯಂತ್ರವನ್ನು ಟವಲಿನಲ್ಲಿ ಸುತ್ತಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದಿದ್ದರು. ಮೇಡಂ ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಯಂತ್ರವನ್ನು ಒಳಗೆ ಒಯ್ದರು.

ಮೇಡಂ ಕಾಗದವಿಲ್ಲದೆ ಹೆಜ್ಜೆ ಇಡುವವರಲ್ಲ. ಮನೆಬಳಕೆಯ ಯಂತ್ರಕ್ಕೆ ಮುದ್ರೆ ಯಾಕೆ ಹಾಕಿದಿರಿ ಎಂದು ಕೇಳಿದರು. ಸಾಹೇಬರು, ಪರೀಕ್ಷಿಸಿದೆ, ಸರಿಯಿತ್ತು, ಹಾಕಿದೆ ಎಂದರು. ಹಾಗಾದರೆ ಅದನ್ನೇ ಬರೆದುಕೊಡಿ ಎಂದು ಹಾಳೆ ಮುಂದಿಟ್ಟರು. ಬೆವರು ಒರೆಸಿಕೊಳ್ಳುತ್ತ ಸಾಹೇಬರು ಬರೆದರು: ಈ ಯಂತ್ರವನ್ನು ನಾನು ಖುದ್ದಾಗಿ ಪರಿಶೀಲಿಸಿ ಮುದ್ರೆ ಹಾಕಿದ್ದೇನೆ, ಇದು ತೋರಿಸುವ ಎಲ್ಲ ಅಂಕಿಗಳೂ ಸರಿಯಾಗಿವೆ. ‘ಎಲ್ಲ’ ಎನ್ನುವಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಆದರೆ ಬೆಳಿಗ್ಗೆಯ ಮಾತೇ ಬೇರೆ, ಈಗ ಒಳಗೆ ಮೂರು ಲೀಟರು ನೀರಿದೆ, ಡಾಕ್ಟರ ಯಂತ್ರವೇ ಸಾಕ್ಷಿ ಹೇಳಿದೆ ಎಂದು ಧೈರ್ಯ ತಂದುಕೊಂಡು ಸಹಿ ಮಾಡಿದರು.

ಹತ್ತಿದರು. ಯಂತ್ರ ಯೋಚಿಸಿತು. ತೂಕ ಎಪ್ಪತ್ತಾರು. ಕೊಬ್ಬು ನಲವತ್ತಾರು. ನೀರು ಮೂವತ್ತೆಂಟು.

“ಮೂರು ಲೀಟರ್ ಕುಡಿದ ಮೇಲೆ ನೀರು ಇಳಿಯೋದು ಹೇಗೆ?” ಎಂದು ಸಾಹೇಬರು ಯಾರನ್ನೂ ಕೇಳದೆ ಕೇಳಿದರು. ಕಡ್ಡಿ ತನ್ನ ಕೈಯಲ್ಲಿದ್ದ ಕಾಗದವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ. ಮೇಡಂ ನಮೂನೆಯ ಮನೆಗಳನ್ನು ಒಂದೊಂದಾಗಿ ತುಂಬಿದರು. ಅವರಿಗೂ ಬೇಸರವಾಗಿತ್ತು. ಕೆಲಸ ಕಳೆದುಕೊಳ್ಳುತ್ತಿದ್ದೇನೆಂದು ಗೊತ್ತಿದ್ದೂ ಹಳೇ ಮುದ್ರೆಯ ಯಂತ್ರವನ್ನು ಬೇಡವೆಂದ ಅಧಿಕಾರಿಯನ್ನು ತಾವು ಇಷ್ಟು ವರ್ಷದಲ್ಲಿ ಕಂಡಿಲ್ಲ, ದಾಖಲೆಗಳಿಗೆ ಇಂಥ ಕೈಯೇ ಬೇಕು ಎಂದರು. ಆಮೇಲೆ ಮೇಜಿನ ಸೆಳೆಖಾನೆಯಿಂದ ತುಕ್ಕು ಹಿಡಿದ ಒಂದು ಬೀಗದಕೈ ತೆಗೆದು ಕೊಟ್ಟರು.

ಸಾಹೇಬರು ಹೊರಗೆ ಬಂದು ಅತ್ತೆಯ ಪಕ್ಕ ಬೆಂಚಿನ ಮೇಲೆ ಕುಸಿದರು. ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ಬೀಗದಕೈ. ಬೂಟು ಹಾಕಿಕೊಳ್ಳುವುದು ಯಾಕೆ ಎಂದು ಅವರಿಗೆ ತಿಳಿಯಲಿಲ್ಲ. ನೆಲಮಾಳಿಗೆಯಲ್ಲಿ ಯಾರು ನೋಡುತ್ತಾರೆ?

ಅತ್ತೆ ಹತ್ತಿರಕ್ಕೆ ಸರಿದರು.

“ಅಳಿಯಂದ್ರೆ, ಈಗ ಮಗ ಫೋನ್ ಮಾಡಿದ್ದ. ನಿಮ್ಮ ಲೆಕ್ಕ ಹೇಳಿದೆ. ಬಿದ್ದು ಬಿದ್ದು ನಕ್ಕ.”

“ನಗಲಿ ಬಿಡಿ.”

“ಹಾಗಲ್ಲ, ಕೇಳಿ. ಆ ಯಂತ್ರದೊಳಗೆ ಅವನು ನನ್ನೊಬ್ಬಳದನ್ನೇ ಹಾಕಿರೋದಂತೆ. ಹೆಂಗಸು, ವಯಸ್ಸು ಎಪ್ಪತ್ತೊಂದು, ಎತ್ತರ ನಾಲ್ಕಡಿ ಹತ್ತಂಗುಲ ಅಂತ. ಬೇರೆಯವರು ನಿಲ್ಲಬೇಕಾದ್ರೆ ಅವರದನ್ನ ಬೇರೆ ಹಾಕಬೇಕಂತೆ. ಇಲ್ದಿದ್ರೆ ಯಾರು ನಿಂತ್ರೂ ನಾನೇ ಅಂದ್ಕೊಂಡು ಲೆಕ್ಕ ಮಾಡುತ್ತಂತೆ. ಪುಸ್ತಕದಲ್ಲಿ ಎಲ್ಲ ಬರೆದಿದೆಯಂತೆ.”

ಸಾಹೇಬರು ತಲೆಯೆತ್ತಿದರು.

“ನನ್ನಷ್ಟು ಗಿಡ್ಡಕ್ಕಿರೋ ಮುದುಕಿ ನಿಮ್ಮಷ್ಟು ತೂಗಿದ್ರೆ ಅವಳ ಕೊಬ್ಬು ಎಷ್ಟಿರುತ್ತೋ ಅದನ್ನ ಹೇಳಿದೆ ಅಷ್ಟೇ. ನಿಮ್ಮ ಬಗ್ಗೆ ಅದು ಏನೂ ಹೇಳೇ ಇಲ್ಲ.”

ಹಾಗಾದರೆ ಡಾಕ್ಟರ ಇಪ್ಪತ್ತಮೂರೇ ನಿಜ. ಸಾಹೇಬರು ಎದ್ದರು. ಬರಿಗಾಲಿನಲ್ಲೇ ಮೇಡಂ ಬಾಗಿಲಿನ ಕಡೆ ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು ಹೆಜ್ಜೆ ಇಟ್ಟರು. ನಾಲ್ಕನೆಯದನ್ನು ಇಡಲಾಗಲಿಲ್ಲ. ಬಾಗಿಲ ಸಂದಿಯಲ್ಲಿ ಮೇಡಂ ಮೇಜಿನ ಮೇಲೆ ತಾವು ಬರೆದುಕೊಟ್ಟ ಹಾಳೆ ಕಾಣಿಸುತ್ತಿತ್ತು. ಹಾರಿಹೋಗದಿರಲೆಂದು ಅದರ ಮೇಲೆ ಒಂದು ಹಿತ್ತಾಳೆಯ ಬಟ್ಟು ಇಟ್ಟಿದ್ದರು. ಎಲ್ಲ ಅಂಕಿಗಳೂ ಸರಿಯಾಗಿವೆ. ತಪ್ಪು ತೋರಿಸುವ ಯಂತ್ರಕ್ಕೆ ಮುದ್ರೆ ಹಾಕಿ, ಸರಿಯೆಂದು ಬರೆದುಕೊಟ್ಟ ಅಧಿಕಾರಿಗೆ ಒಳಗಿನ ಕೆಲಸವೂ ಇಲ್ಲ, ಹೊರಗಿನ ಕೆಲಸವೂ ಇಲ್ಲ. ಹನ್ನೊಂದು ವರ್ಷದ ಹಿಂದೆ ಇದೇ ತಪ್ಪಿಗೆ ಒಬ್ಬ ಜೊತೆಗಾರ ಮನೆಗೆ ಹೋದ. ಅವನ ಮೇಲೆ ವರದಿ ಬರೆದವರು ಮುದ್ರೆ ಸಾಹೇಬರೇ. ಎರಡು ಕಡೆ ಕೆಂಪು ಗೆರೆಯನ್ನೂ ಎಳೆದಿದ್ದರು.

“ಯಾಕೆ ನಿಂತ್ರಿ? ಹೋಗಿ ಹೇಳಿ ಯಂತ್ರ ತಪ್ಪು ಅಂತ. ನಿಮಗಾಗದಿದ್ರೆ ನಾನೇ ಹೇಳ್ತೀನಿ,” ಎಂದು ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

“ಬೇಡ ಅತ್ತೆ. ದಯವಿಟ್ಟು ಕೂತ್ಕೊಳ್ಳಿ.”

“ಅಯ್ಯೋ, ಯಾಕೆ?”

“ಅದು ತಪ್ಪು ಅಂದ್ರೆ ನಾನು ತಪ್ಪು.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೇಡಂ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಬೆಂಚಿನ ಮುಂದೆ ನೆಲದ ಮೇಲೆ ಜೋಪಾನವಾಗಿ ಇಟ್ಟರು.

“ಅಮ್ಮಾ, ನಾಳೆ ಸಾಯಂಕಾಲದವರೆಗೆ ಇದು ಇಲ್ಲೇ ಇರ್ಲಿ. ಬೆಳಿಗ್ಗೆ ಡ್ರೈವರ್ ಇದಾನೆ, ಗುಮಾಸ್ತ ಇದಾನೆ. ಅವರದೆಲ್ಲ ಆದ್ಮೇಲೆ ನಾನೂ ಒಂದ್ಸಲ ನಿಂತು ನೋಡ್ಬೇಕು. ಬೇರೆ ಯಂತ್ರ ಆಗಿದ್ರೆ ನಂಬ್ತಿರ್ಲಿಲ್ಲ. ಇದಕ್ಕೆ ಸಾಹೇಬ್ರ ಮುದ್ರೆ ಇದೆ.”

ಅತ್ತೆ ಅಳಿಯನ ಮುಖ ನೋಡಿದರು. ಅಳಿಯ ಯಂತ್ರವನ್ನು ನೋಡುತ್ತಿದ್ದರು. ವ್ಯಾನಿನ ಕುಲುಕಾಟಕ್ಕೋ ಟವಲಿನ ಉಜ್ಜಾಟಕ್ಕೋ ಹಸಿರು ಚೀಟಿಯ ಒಂದು ಮೂಲೆ ಮೇಲೆದ್ದಿತ್ತು. ಸಾಹೇಬರು ಬೂಟನ್ನೂ ಬೀಗದಕೈಯನ್ನೂ ಬೆಂಚಿನ ಮೇಲಿಟ್ಟು, ಮೊಣಕಾಲೂರಿ ಕೂತು, ಹೆಬ್ಬೆರಳನ್ನು ನಾಲಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಆ ಮೂಲೆಯನ್ನು ಗಾಜಿಗೆ ಅದುಮಿ ಹಿಡಿದರು. ಅದು ಅಂಟಿಕೊಳ್ಳುವವರೆಗೂ ಕೈ ತೆಗೆಯಲಿಲ್ಲ.